ನಕಲು ಮಾಡಿದವರ ತಪ್ಪು

ಕೇಳುಗರಿಗೆ ನಮಸ್ಕಾರ.

ಹಳೆಯ ಓಲೆಗರಿ ಓದುವವರಿಗೆ ಒಂದು ಉಪಾಯ ಗೊತ್ತು. ಒಂದೇ ಕಾವ್ಯದ ಹತ್ತು ಪ್ರತಿ ಸಿಕ್ಕರೆ ಅವರು ಸರಿಯಾದ ಅಕ್ಷರಕ್ಕಿಂತ ಜಾಸ್ತಿ ತಪ್ಪುಗಳನ್ನು ಹುಡುಕುತ್ತಾರೆ. ಒಬ್ಬ ಒಂದು ಕಡೆ ಕೊಂಬು ಬಿಟ್ಟರೆ, ಅವನದನ್ನು ನೋಡಿ ಬರೆದವರೂ ಬಿಡುತ್ತಾರೆ. ಯಾವ ಪ್ರತಿಯಿಂದ ಯಾವುದು ಬಂತು ಅಂತ ಆಗ ತಿಳಿಯುತ್ತದೆ.

ವೈರಸ್ ಕೂಡ ಹೀಗೆಯೇ ನಕಲು ಆಗುತ್ತಾ ಹೋಗುತ್ತದೆ. ವೈರಸ್ಸಿನ ಆನುವಂಶಿಕ ಬರಹಕ್ಕೆ ಜೀನೋಮ್ ಅನ್ನುತ್ತಾರೆ. ಕೊರೊನಾ ವೈರಸ್ಸಿನದು ಸುಮಾರು 30,000 ಅಕ್ಷರಗಳ ಬರಹ. ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋದಂತೆ ತಿಂಗಳಿಗೆ ಹೆಚ್ಚುಕಮ್ಮಿ ಎರಡು ಅಕ್ಷರ ಬದಲಾಗುತ್ತವೆ. ರೋಗಿಗಳ ಮಾದರಿ ತಂದು ಈ ಅಕ್ಷರಗಳನ್ನು ಓದುವುದೇ ಸೀಕ್ವೆನ್ಸಿಂಗ್. ಆದರೆ ಎರಡು ಅಕ್ಷರ ತೀರಾ ಕಮ್ಮಿ, ಅಲ್ವಾ? ಒಂದೇ ಮನೆಯ ನಾಲ್ವರಲ್ಲಿ ವೈರಸ್ ಅಕ್ಷರಶಃ ಒಂದೇ ಇರಬಹುದು. ಯಾರಿಂದ ಯಾರಿಗೆ ಬಂತು ಅಂತ ಆಗ ಜೀನೋಮ್ ಹೇಳುವುದಿಲ್ಲ. ಬಾಗಿಲು ತಟ್ಟಿ ಕೇಳಲೇಬೇಕು.

2014ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಎಬೋಲಾ ಎಂಬ ಮಾರಕ ವೈರಸ್ ರೋಗ ಬಂತು. ವಿಜ್ಞಾನಿಗಳು 78 ರೋಗಿಗಳಿಂದ 99 ಜೀನೋಮ್ ಓದಿ ವರದಿ ಬರೆದರು. ಕಾಡಿನ ಪ್ರಾಣಿಗಳಿಂದ ಅದು ಮತ್ತೆ ಮತ್ತೆ ಬರುತ್ತಿಲ್ಲ, ಮನುಷ್ಯರಿಂದ ಮನುಷ್ಯರಿಗೇ ಹರಡುತ್ತಿದೆ ಅಂತ ಗೊತ್ತಾಯಿತು. ಆ ವರದಿ ಅಚ್ಚಾಗುವ ಹೊತ್ತಿಗೆ ಅದನ್ನು ಬರೆದವರಲ್ಲಿ ಐವರು ಎಬೋಲಾದಿಂದಲೇ ತೀರಿಕೊಂಡಿದ್ದರು.

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ ಪಕ್ಕದ ಗಿನಿ ದೇಶದ ಕಥೆ. ಅಲ್ಲಿ 2016ಕ್ಕೆ ಎಬೋಲಾ ಮುಗಿದಿತ್ತು. 2021ರ ಫೆಬ್ರುವರಿಯಲ್ಲಿ ಮತ್ತೆ ಕಾಣಿಸಿಕೊಂಡಿತು. ಬಾವಲಿಯಿಂದಲೋ ಬೇರೆ ಪ್ರಾಣಿಯಿಂದಲೋ ಹೊಸದಾಗಿ ಬಂದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಜೀನೋಮ್ ಓದಿದರೆ ಅದು ಹಳೇ ವೈರಸ್ಸೇ! ಇಷ್ಟು ವರ್ಷ ಜನರಲ್ಲಿ ಹರಡುತ್ತಾ ಇದ್ದಿದ್ದರೆ ನೂರಕ್ಕೂ ಹೆಚ್ಚು ಅಕ್ಷರ ಬದಲಾಗಬೇಕಿತ್ತು. ಬದಲಾಗಿದ್ದು ಹತ್ತು ಹನ್ನೆರಡು. ಅಂದರೆ ಅದು ಊರೂರು ಸುತ್ತಿರಲಿಲ್ಲ. ಹಿಂದೆ ಗುಣವಾದ ಯಾರದೋ ದೇಹದಲ್ಲಿ ಐದು ವರ್ಷಕ್ಕೂ ಜಾಸ್ತಿ ಸುಮ್ನೆ ಕೂತಿತ್ತು. ಕೂತಲ್ಲೇ ಕೂತ ವೈರಸ್ ನಕಲಾಗುವುದು ಕಮ್ಮಿ, ಹಾಗಾಗಿ ತಪ್ಪೂ ಕಮ್ಮಿ.

ಗುಣವಾದವರ ವೀರ್ಯದಲ್ಲಿ ಎಬೋಲಾ ತಿಂಗಳುಗಟ್ಟಲೆ ಉಳಿಯುತ್ತದೆ ಅಂತ ಮೊದಲೇ ಗೊತ್ತಿತ್ತು. ಇಷ್ಟು ವರ್ಷ ಉಳಿಯಬಹುದು ಅಂತ ಯಾರೂ ಎಣಿಸಿರಲಿಲ್ಲ. ಸುದ್ದಿ ಹೊರಬಿದ್ದಾಗ ವಿಜ್ಞಾನಿಗಳಿಗೆ ಇನ್ನೊಂದು ಚಿಂತೆ ಹತ್ತಿತು. ಬದುಕಿ ಉಳಿದ ಸಾವಿರಾರು ಜನರನ್ನು ಊರಿನವರು ಮೊದಲೇ ದೂರ ಇಟ್ಟಿದ್ದರು. ಈಗ ಈ ಸುದ್ದಿ ಕೇಳಿ ಇನ್ನಷ್ಟು ದೂರ ಇಟ್ಟರೆ ಅಂತ.