ಹಕ್ಕಿ ಸಾಕಿದ ಮನೆಯಲ್ಲಿ ಸೀನು, ಕೆಮ್ಮು

ಕೇಳುಗರಿಗೆ ನಮಸ್ಕಾರ.

ಹಕ್ಕಿ ಸಾಕಿದ ಮನೆಯಲ್ಲಿ ಯಾರಿಗಾದರೂ ಸೀನು ಹತ್ತಿಕೊಂಡರೆ ಮೊದಲ ಅನುಮಾನ ಗರಿಯ ಮೇಲೆ ಹೋಗುತ್ತದೆ. ಆದರೆ ನೆಲದ ಮೇಲೆ ಬಿದ್ದ ಗರಿಗಿಂತ ಹೆಚ್ಚು ಕಾಟ ಕೊಡುವುದು ಕಣ್ಣಿಗೆ ಸರಿಯಾಗಿ ಕಾಣದ ಪುಡಿ. ಹಕ್ಕಿ ರೆಕ್ಕೆ ಬಡಿದಾಗ ಏಳುವ ಬಿಳಿ ಪುಡಿ, ಚರ್ಮದ ಹೊಟ್ಟು, ಒಣಗಿ ನುಚ್ಚಾದ ಹಿಕ್ಕೆ, ಇವುಗಳಲ್ಲಿರುವ ಪ್ರೋಟೀನು ಕೆಲವರ ಮೈಗೆ ಒಗ್ಗುವುದಿಲ್ಲ. ಕಾಕಟೀಲ್, ಕಾಕಟೂ, ಆಫ್ರಿಕನ್ ಗ್ರೇ ಗಿಳಿಗಳಲ್ಲಿ ಪುಡಿಯಾಗಿ ಉದುರುವ ಮೆದು ಗರಿಗಳೇ ಇವೆ. ಪಾರಿವಾಳದ್ದೂ ಪುಡಿ ಹೆಚ್ಚು. ಕಪ್ಪು ಅಂಗಿ ತೊಟ್ಟು ಕಾಕಟೀಲನ್ನು ಹೆಗಲ ಮೇಲೆ ಸ್ವಲ್ಪ ಹೊತ್ತು ಕೂರಿಸಿಕೊಳ್ಳಿ, ಅಂಗಿಯೇ ಹೇಳುತ್ತದೆ. ಲವ್ ಬರ್ಡ್ಸ್ ಅಂತ ಮಾರುವ ಬಡ್ಜಿಗಳಲ್ಲಿ, ಫಿಂಚ್‌ಗಳಲ್ಲಿ ಪುಡಿ ಕಡಿಮೆ. ಹಾಗಂತ ಅಲರ್ಜಿಯೇ ಬಾರದ ಹಕ್ಕಿ ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಹಕ್ಕಿಯ ಮೇಲೆ ತಪ್ಪು ಹೊರಿಸುವ ಮುಂಚೆ ಸುತ್ತಮುತ್ತ ನೋಡಬೇಕು. ದಾವಣಗೆರೆ ಸೀಮೆಯಲ್ಲಿ ಸೀನಿಗೆ ಕಾರಣಗಳಿಗೇನೂ ಬರವಿಲ್ಲ. ಮಳೆ ಬಿದ್ದ ಮೇಲೆ ಹೂ ಬಿಡುವ ಕಾಂಗ್ರೆಸ್ ಗಿಡ, ಮೆಕ್ಕೆಜೋಳ ಒಕ್ಕುವಾಗಿನ ಧೂಳು, ಮಂಡಕ್ಕಿ ಭಟ್ಟಿಯ ಹೊಗೆ, ಹಾಸಿಗೆಯೊಳಗಿನ ಧೂಳುನುಸಿ. ಹಕ್ಕಿಗೆ ಹಾಕುವ ನವಣೆಯೂ ಈ ಸಾಲಿಗೆ ಸೇರುತ್ತದೆ. ಚೀಲದ ತಳದಲ್ಲಿ ಕೂತ ದೂಳು, ಥಂಡಿ ಹಿಡಿದಾಗ ಬರುವ ಬೂಷ್ಟು ಎರಡೂ ಮೂಗಿಗೆ ಹೋಗುವಂಥವೇ. ನವಣೆಯನ್ನು ತಿಂಗಳಿಗೆ ಆಗುವಷ್ಟು ಮಾತ್ರ ತಂದು, ಅಲರ್ಜಿ ಇಲ್ಲದವರು ಮನೆಯ ಹೊರಗೆ ಮೊರದಲ್ಲಿ ಕೇರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಮುಗ್ಗಲು ವಾಸನೆ ಬಂದರೆ ಹಕ್ಕಿಗೂ ಬೇಡ, ಎಸೆದುಬಿಡಿ.

ಪತ್ತೆ ಮಾಡುವುದು ಹೇಗೆ? ಪಂಜರವನ್ನು ನಾಲ್ಕು ದಿನ ಪಕ್ಕದ ಮನೆಯಲ್ಲಿಟ್ಟು ನೋಡುವವರಿದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಪುಡಿ ಪರದೆ, ಸೋಫಾ, ಫ್ಯಾನಿನ ರೆಕ್ಕೆಗಳ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕಿಂತ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಪಂಜರದ ಕಸ ತೆಗೆದದ್ದು ಎಷ್ಟು ಗಂಟೆಗೆ, ಸೀನು ಅಥವಾ ಕೆಮ್ಮು ಶುರುವಾದದ್ದು ಎಷ್ಟು ಗಂಟೆಗೆ, ಜ್ವರ ಇತ್ತೇ, ಊರಿಗೆ ಹೋದಾಗ ಹೇಗಿತ್ತು. ವೈದ್ಯರಿಗೆ ಈ ಪುಸ್ತಕ ಬಹಳ ಉಪಯೋಗಕ್ಕೆ ಬರುತ್ತದೆ.

ಗಂಟೆ ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ಪಂಜರದ ಹತ್ತಿರ ಹೋದ ಕೆಲವೇ ನಿಮಿಷಗಳಲ್ಲಿ ಸೀನು, ಮೂಗು ಸೋರುವುದು, ಕಣ್ಣು ತುರಿಕೆ, ಎದೆಯಲ್ಲಿ ಸುಯ್ಗುಡುವುದು ಆದರೆ ಅದು ಸಾಮಾನ್ಯ ಅಲರ್ಜಿ ಅಥವಾ ಅಸ್ತಮಾ. ಇನ್ನೊಂದು ಕಾಯಿಲೆ ಬೇರೆ ಥರ. ಬೆಳಿಗ್ಗೆ ಗೂಡಿನ ಕಸ ತೆಗೆದವರಿಗೆ 4ರಿಂದ 8 ಗಂಟೆ ಬಿಟ್ಟು, ಅಂದರೆ ಮಧ್ಯಾಹ್ನವೋ ಸಂಜೆಯೋ ಚಳಿ ಜ್ವರ, ಮೈಕೈ ನೋವು, ಒಣಕೆಮ್ಮು, ಏದುಸಿರು. ಮಾರನೇ ದಿನಕ್ಕೆ ಇಳಿಯುತ್ತದೆ, ಫ್ಲೂ ಎಂದುಕೊಂಡು ಸುಮ್ಮನಾಗುತ್ತಾರೆ. ಕೆಲವರಿಗೆ ಜ್ವರವೂ ಇರುವುದಿಲ್ಲ. ಮೆಟ್ಟಿಲು ಹತ್ತುವಾಗ ದಮ್ಮು ಹೆಚ್ಚುತ್ತಾ, ತೂಕ ಇಳಿಯುತ್ತಾ ಹೋಗುತ್ತದೆ. ಇದು ಶ್ವಾಸಕೋಶದ ಒಳಗೇ ಆಗುವ ಉರಿಯೂತ. ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿ ಕಲೆಗಟ್ಟುತ್ತದೆ, ಆ ಕಲೆ ಮತ್ತೆ ಮಾಯುವುದಿಲ್ಲ. ತಾರಸಿಯ ಮೇಲೆ ಪಾರಿವಾಳದ ಗೂಡು ಕಟ್ಟಿದವರು ಇದನ್ನು ಚೆನ್ನಾಗಿ ನೆನಪಿಡಬೇಕು. ಸೀನಿನ ಮಾತ್ರೆ ಈ ಕಾಯಿಲೆಗೆ ಕೆಲಸ ಮಾಡುವುದಿಲ್ಲ.

ಸಾಮಾನ್ಯ ಅಲರ್ಜಿಗೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ. ಸೆಟ್ರಿಜಿನ್‌ನಂಥ ಸೀನಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಅಲರ್ಜಿ ಇದ್ದರೂ ಚುಚ್ಚಿದ ಜಾಗದಲ್ಲಿ ಬೊಬ್ಬೆ ಏಳುವುದಿಲ್ಲ. ಶ್ವಾಸಕೋಶದ ಕಾಯಿಲೆಯ ಅನುಮಾನವಿದ್ದರೆ ಊದುವ ಪರೀಕ್ಷೆ, ಎದೆಯ ಸಿಟಿ ಸ್ಕ್ಯಾನ್, ಬೇರೆ ಬಗೆಯ ರಕ್ತಪರೀಕ್ಷೆ ಬೇಕಾಗುತ್ತದೆ. ಯಾರ ಹತ್ತಿರ ಹೋದರೂ "ಮನೇಲಿ ಹಕ್ಕಿ ಇದೆ ಡಾಕ್ಟ್ರೇ" ಎಂಬ ಮಾತು ಮೊದಲು ಹೇಳಿ. ಕೇಳದಿದ್ದರೂ ಹೇಳಿ.

ಸಾಮಾನ್ಯ ಅಲರ್ಜಿಯಾಗಿದ್ದು ಹತೋಟಿಯಲ್ಲಿದ್ದರೆ ಹಕ್ಕಿಯ ಜೊತೆ ಬದುಕಬಹುದು. ಪಂಜರ ಮಲಗುವ ಕೋಣೆಯಲ್ಲಿ ಬೇಡವೇ ಬೇಡ. ಫ್ಯಾನು, ಕೂಲರಿನ ಗಾಳಿ ಪಂಜರದ ಮೇಲೆ ಹಾದು ಜನರ ಕಡೆ ಬರುವಂತೆಯೂ ಇಡಬಾರದು. ಬಿಸಿಲು ನೇರ ಬೀಳದ, ಬೆಕ್ಕಿಗೆ ಎಟುಕದ ಪಡಸಾಲೆ ಒಳ್ಳೆಯ ಜಾಗ.

ಪಂಜರದ ತಳದ ತಟ್ಟೆಗೆ ನಾಲ್ಕೈದು ಪದರ ಪತ್ರಿಕೆ ಹಾಸಿ, ದಿನಾ ಮೇಲಿನದನ್ನು ತೆಗೆಯಿರಿ. ತೆಗೆಯುವ ಮುನ್ನ ಬಟ್ಟೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ಕಾಗದ ಒದ್ದೆ ಮಾಡಿ, ಒಳಮುಖವಾಗಿ ಮಡಚಿ, ಕವರಿಗೆ ಹಾಕಿ ಕಟ್ಟಿ. ಒಣ ಹಿಕ್ಕೆಯನ್ನು ಕೆರೆಯುವುದು, ಪೊರಕೆಯಿಂದ ಗುಡಿಸುವುದು, ಇವೆರಡೇ ಅತಿ ಹೆಚ್ಚು ಪುಡಿ ಎಬ್ಬಿಸುವುದು. ಒದ್ದೆ ಬಟ್ಟೆಯಿಂದ ಒರೆಸಿ. ಈ ಕೆಲಸ ಅಲರ್ಜಿ ಇಲ್ಲದವರು ಮಾಡಲಿ; ಬೇರೆ ದಾರಿ ಇಲ್ಲದಿದ್ದರೆ ಎನ್95 ಮಾಸ್ಕ್ ಕಟ್ಟಿ. ತೆಳು ಸರ್ಜಿಕಲ್ ಮಾಸ್ಕ್, ಟವೆಲು ಸಾಲದು. ಮುಗಿದ ಮೇಲೆ ಕೈ ಮುಖ ತೊಳೆದು ಅಂಗಿ ಬದಲಿಸಿ. ವಾರಕ್ಕೊಮ್ಮೆ ಪಂಜರವನ್ನು ಹಿತ್ತಲಿಗೊಯ್ದು, ಹಕ್ಕಿಯನ್ನು ಬೇರೆ ಕಡೆ ಇಟ್ಟು, ಸೋಪಿನ ಬಿಸಿ ನೀರಲ್ಲಿ ತಿಕ್ಕಿ ತೊಳೆದು ಒಣಗಿಸಿ.

ಹಕ್ಕಿಗೆ ವಾರಕ್ಕೆ ಎರಡು ಮೂರು ಸಲ ಬೆಳಗಿನ ಹೊತ್ತು ಅಗಲವಾದ ತಟ್ಟೆಯಲ್ಲಿ ಒಂದು ಬೆರಳಿನಷ್ಟು ನೀರಿಡಿ, ತಾನೇ ಮೀಯುತ್ತದೆ, ಹಾರುವ ಪುಡಿ ಇಳಿಯುತ್ತದೆ. ಸಂಜೆ ಮೀಯಿಸಿದರೆ ಒದ್ದೆ ಗರಿಯಲ್ಲೇ ರಾತ್ರಿ ಕಳೆಯಬೇಕು. ಗಾಳಿ ಶುದ್ಧಿ ಯಂತ್ರ ಕೊಳ್ಳುವುದಾದರೆ ಸಣ್ಣ ಪುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರಿನದು ನೋಡಿ. ಓಝೋನ್ ಬಿಡುವಂಥದ್ದು ಬೇಡ, ಅದು ಹಕ್ಕಿಯ ಪ್ರಾಣಕ್ಕೇ ಕುತ್ತು. ಸೊಳ್ಳೆಬತ್ತಿ, ಊದಿನಕಡ್ಡಿಯ ಹೊಗೆಯೂ ಹಕ್ಕಿಗೂ ನಮಗೂ ಆಗದು.

ಶ್ವಾಸಕೋಶದ ಉರಿಯೂತವೆಂದು ಗೊತ್ತಾದರೆ ಮಾತ್ರ ಇಷ್ಟೆಲ್ಲ ಮಾಡಿಯೂ ಸಾಲದು, ಹಕ್ಕಿಯನ್ನು ಬೇರೆ ಮನೆಗೆ ಕೊಡಬೇಕು. ಕರುಣೆ ಎಂದು ಬಯಲಿಗೆ ಬಿಡಬೇಡಿ. ಪಂಜರದಲ್ಲೇ ಹುಟ್ಟಿದ ಬಡ್ಜಿಗೆ ಮೇವು ಹುಡುಕುವುದೂ ಗೊತ್ತಿಲ್ಲ, ಕಾಗೆಯಿಂದ ತಪ್ಪಿಸಿಕೊಳ್ಳುವುದೂ ಗೊತ್ತಿಲ್ಲ. ಹಕ್ಕಿ ಹೋದ ಮೇಲೆ ಪರದೆ, ದಿಂಬು, ಹೊದಿಕೆಗಳನ್ನು ತೊಳೆಯಿರಿ, ಗೋಡೆ ಒರೆಸಿ, ಫ್ಯಾನಿನ ರೆಕ್ಕೆಗಳನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಗರಿ ತುಂಬಿದ ದಿಂಬು, ರಜಾಯಿ ಇದ್ದರೆ ಅವೂ ಆಚೆ ಹೋಗಲಿ. ಗವಾಕ್ಷಿಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರೆ, ಮರಿ ಹಾರಿದ ಮೇಲೆ ಅಲ್ಲಿಗೊಂದು ಬಲೆ ಹೊಡೆಸಿ. ನಮಸ್ಕಾರ.