ಪೇಟಿಯ ಗಾಂಧಾರ ಯಾಕೆ ತಂಬೂರಿ ಜತೆ ಜಗಳ ಆಡುತ್ತೆ?

[ದೃಶ್ಯ: ಮೇಜಿನ ಮೇಲೆ ಹಾರ್ಮೋನಿಯಂ, ಸ್ಕ್ರೂಡ್ರೈವರ್, ಮೊಬೈಲ್]

ನಮಸ್ಕಾರ. ಡಿಸೆಂಬರ್ ಬಂತೆಂದರೆ ಪುಣೆಯಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ್ದು. ಅರ್ಧ ನಮ್ಮದೇ ಹಬ್ಬ ಅನ್ನಿ. ಅಲ್ಲಿ ಗಾಯಕರ ಪಕ್ಕ ಕೂರುವ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಇವತ್ತು ಬಿಚ್ಚೋಣ. ಬಿಚ್ಚುವ ಮೊದಲು ಸ್ವಲ್ಪ ಕೇಳೋಣ.

[ಧ್ವನಿ: ತಂಬೂರಿ]

ತಂಬೂರಿ ಆ್ಯಪ್ ಅನ್ನು ಕಾಳಿ ಒಂದಕ್ಕೆ, ಅಂದರೆ ಮೊದಲ ಕಪ್ಪು ಕೀಯ ಸ್ವರಕ್ಕೆ ಇಡಿ. ಪೇಟಿಯಲ್ಲಿ ಅದೇ ಷಡ್ಜ (‘ಸ’) ಒತ್ತಿ, ನಾದದ ಅಲುಗಾಟ ನಿಲ್ಲುವವರೆಗೆ ಆ್ಯಪ್ ಹೊಂದಿಸಿ. ಈಗ ಶುದ್ಧ ಗಾಂಧಾರ (‘ಗ’) ಒತ್ತಿ. ನಾದದಲ್ಲಿ ‘ವೊಂವೊಂ’ ಅಂತ ಅಲೆ ಬರುತ್ತಿದೆಯಲ್ಲ? ಸೆಕೆಂಡಿಗೆ ಐದಾರು ಸಲ.

ಲೆಕ್ಕ ಇಷ್ಟು. ಷಡ್ಜ 277.2 ಹರ್ಟ್ಜ್. ಕಿವಿಗೆ ಹಿತವಾದ ಗಾಂಧಾರ ಅದರ ಐದು ಕಾಲುಪಾಲು, ಅಂದರೆ 346.5. ತಂಬೂರಿಯ ಕೆಳಸ್ಥಾಯಿ ಷಡ್ಜದ ತಂತಿಯಲ್ಲಿ ಐದನೇ ಸ್ವರಾಂಶವಾಗಿ (ಮೂಲ ಕಂಪನದ ಐದು ಪಟ್ಟಾಗಿ) ತಾನಾಗಿಯೇ ಹೊಮ್ಮುವುದೂ ಇದೇ ಗಾಂಧಾರ, ಒಂದು ಸ್ಥಾಯಿ ಮೇಲೆ. ಪೇಟಿಯದು ಮಾತ್ರ 349.2. ಒಂದು ಸ್ಥಾಯಿ ಮೇಲೆ ಈ 2.7ರ ಅಂತರ ಇಮ್ಮಡಿಯಾಗಿ ಆ ಐದಾರು ಅಲೆ. ಯಾವ ಕೀಯಿಂದ ಬೇಕಾದರೂ ಷಡ್ಜ ಹಿಡಿಯಲಿ ಎಂದು ಸ್ಥಾಯಿಯನ್ನು 12 ಸಮಪಾಲು ಮಾಡಿದ್ದರ ಫಲ. ಪಂಚಮ ಅರ್ಧ ಹರ್ಟ್ಜ್ ಮಾತ್ರ ತಪ್ಪುತ್ತದೆ, ಗೊತ್ತೇ ಆಗುವುದಿಲ್ಲ. ಗಾಂಧಾರವೇ ಪಾಪ, ಸಿಕ್ಕಿಬೀಳುವುದು. 1940ರಿಂದ 1971ರವರೆಗೆ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತ್ತು. ಶ್ರುತಿ ಸೇರದು, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದು ಎಂಬ ದೂರುಗಳಿದ್ದವು. ದೂರು ಸುಳ್ಳಲ್ಲ.

[ದೃಶ್ಯ: ಮುಚ್ಚಳ ತೆಗೆದ ಪೇಟಿ]

ಮೊದಲು ಗಾಳಿ ನೋಡಿ. ಗಾಳಿದಾರಿಯ ಸ್ಟಾಪರ್ ಗುಬುಟುಗಳನ್ನೆಲ್ಲ ಮುಚ್ಚಿ ತಿದಿ ಒತ್ತಿ. ನಾಲ್ಕಾರು ಸಲದ ನಂತರ ಕೈಗೆ ಬಿಗಿಯಾಗಬೇಕು. ಸಲೀಸಾಗಿ ಮುಚ್ಚಿಕೊಂಡರೆ ಎಲ್ಲೋ ಸೋರುತ್ತಿದೆ. ಕೀ ತೆಗೆಯುವ ಮುನ್ನ ಪೆನ್ಸಿಲಿನಲ್ಲಿ ನಂಬರ್ ಬರೆಯಿರಿ. ಇದನ್ನು ಮರೆತವರ ಸಂಜೆ ಪೂರ್ತಿ ಅಲ್ಲೇ ಕಳೆಯುತ್ತದೆ. ಮುಂಬೈ ಮಳೆಗಾಲದಲ್ಲಿ ಮರ ಉಬ್ಬಿ ಕೀ ಸಿಕ್ಕಿಕೊಳ್ಳುತ್ತದೆ. ಅವಸರಪಟ್ಟು ಉಜ್ಜಬೇಡಿ, ಒಣಹವೆಗೆ ಸಡಿಲವಾದೀತು.

37 ಕೀ, ಎರಡು ಸಾಲು ಎಂದರೆ 74 ಹಿತ್ತಾಳೆ ರೀಡ್, ಅಂದರೆ ಗಾಳಿಗೆ ಕಂಪಿಸಿ ಸ್ವರ ಕೊಡುವ ತೆಳು ನಾಲಿಗೆಗಳು. ಒಂದು ಸದ್ದೇ ಮಾಡದಿದ್ದರೆ ಸಾಮಾನ್ಯವಾಗಿ ನಾಲಿಗೆಗೂ ಚೌಕಟ್ಟಿಗೂ ನಡುವೆ ಕಸ ಕೂತಿರುತ್ತದೆ. ತೆಳು ಕಾಗದ ತೂರಿಸಿ ಎಳೆದರೆ ಸಾಕು.

ಶ್ರುತಿ ತಿದ್ದುವುದು ಬೇರೆ ಕೆಲಸ. ನಾಲಿಗೆಯ ಕೆಳಗೆ ತೆಳುವಾದ ಉಕ್ಕಿನ ಪಟ್ಟಿ ಆಸರೆ ಕೊಡಿ, ಇಲ್ಲದಿದ್ದರೆ ಬಾಗುತ್ತದೆ. ತುದಿ ಕೆರೆದರೆ ತೂಕ ಇಳಿದು ಸ್ವರ ಏರುತ್ತದೆ. ಬುಡ ಕೆರೆದರೆ ಬಿಗಿ ಇಳಿದು ಸ್ವರವೂ ಇಳಿಯುತ್ತದೆ. ಎರಡು ಮೂರು ಗೀರು ಎಳೆದು, ಹಿತ್ತಾಳೆ ತಣಿಯಲು ಬಿಟ್ಟು, ಆಮೇಲೆ ಅಳೆಯಿರಿ. ಬಿಸಿ ಇದ್ದಾಗ ಸ್ವರ ತುಸು ಕೆಳಗೆ ತೋರುತ್ತದೆ. ಅದನ್ನು ನಂಬಿ ತುದಿ ಕೆರೆದರೆ ತಣಿದ ಮೇಲೆ ಮೇಲೇರಿ ಕೂರುತ್ತದೆ.

ಹಾಗಾದರೆ ಬುಡ ಕೆರೆದು ಆ ಗಾಂಧಾರವನ್ನು 346.5ಕ್ಕೆ ಇಳಿಸಿಬಿಡೋಣವೇ? ಇಳಿಸಬಹುದು. ಕಾಳಿ ಒಂದರ ಗಾಯಕರು ಖುಷಿಪಡುತ್ತಾರೆ. ಆದರೆ ಅದೇ ಕೀ ಸಫೇದ್ ಒಂದಕ್ಕೆ (ಮೊದಲ ಬಿಳಿ ಕೀ ಷಡ್ಜವಾಗಿ) ಹಾಡುವವರ ಮಧ್ಯಮ, ಅವರಿಗೆ ಬೇಕಾದದ್ದು 348.8. ಅದಕ್ಕೇ ಕೆರೆಯುವ ಮುನ್ನ, ಆ ಪೇಟಿಯ ಜತೆ ಯಾರ್ಯಾರು ಯಾವ ಷಡ್ಜಕ್ಕೆ ಹಾಡುತ್ತಾರೆ ಕೇಳಿಕೊಳ್ಳಿ.