ಕಾರಿಗೆ ಟೂ-ಸ್ಟ್ರೋಕ್ ಎಂಜಿನ್: ಎಷ್ಟು ನಂಬಬಹುದಿತ್ತು?

[ದೃಶ್ಯ: ಪುಣೆ, ಭೋಸರಿಯ ಗ್ಯಾರೇಜು. ಅಂಗೈಯಲ್ಲಿ ಹಳೇ ಪಿಸ್ಟನ್. ಕ್ಯಾಮೆರಾ ತೀರಾ ಹತ್ತಿರ.]

ಈ ಪಿಸ್ಟನ್ ಮೈಮೇಲೆ ಉದ್ದಕ್ಕೆ ಗೀರುಗಳು ಕಾಣ್ತಿವೆಯಾ? ಉಗುರು ಆಡಿಸಿದ್ರೆ ಕರ್ ಕರ್ ಅನ್ನುತ್ತೆ. ನಮ್ಮ ಮಾಮಾನ ಸ್ಕೂಟರಿಂದು. ಕಾತ್ರಜ್ ಘಾಟ್ ಇಳೀತಾ ಜಾಮ್ ಆಗಿ, ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಂಡಿತ್ತು. ಬಿಚ್ಚಿ ನೋಡಿದ ಇಂಡಿ ಕಡೆಯ ಮೇಸ್ತ್ರಿ ಕಾಕಾ ಅಂದಿದ್ದು ಇಷ್ಟೇ: "ಎಣ್ಣಿ ಮುಟ್ಟಿಲ್ಲೋ ತಮ್ಮಾ."

ಇಂಥದೇ ಟೂ-ಸ್ಟ್ರೋಕ್ ಎಂಜಿನ್ ಹೊತ್ತು ಯುರೋಪಿನಲ್ಲಿ ಕಾರುಗಳು ಓಡಿದವು. ಪೂರ್ವ ಜರ್ಮನಿಯ ಟ್ರಾಬಂಟ್ ಒಂದೇ 30 ಲಕ್ಷದ ಆಸುಪಾಸು! ಫೋರ್-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್, ಅಂದ್ರೆ ಪಿಸ್ಟನ್ನಿನ ಏರಿಳಿತಕ್ಕೆ ತಿರುಗೋ ದಂಡ, ಎರಡು ಸುತ್ತು ಹೊಡೆದರೆ ಒಂದು ಸಲ ಉರಿ, ಇದರಲ್ಲಿ ಸುತ್ತಿಗೊಂದು. ಹಾಗಾಗಿ 3 ಸಿಲಿಂಡರ್ ಇದ್ರೆ 6 ಸಿಲಿಂಡರಿನಷ್ಟು ಏಟು. ಜರ್ಮನಿಯ ಡಿಕೆಡಬ್ಲ್ಯೂ ಕಂಪನಿಯವರು ಕಾರಿಗೆ '3=6' ಅಂತಲೇ ಹೆಸರಿಟ್ಟಿದ್ದರು. ವಾಲ್ವ್ ಇಲ್ಲ, ಅದನ್ನ ತೆರೆದು ಮುಚ್ಚೋ ಕ್ಯಾಮ್‌ಶಾಫ್ಟ್ ಇಲ್ಲ. ಸ್ವೀಡನ್ನಿನ ಸಾಬ್ ಎಂಜಿನ್ನಿನಲ್ಲಿ ಮುಖ್ಯವಾಗಿ ಆಡೋದು ಏಳೇ: 3 ಪಿಸ್ಟನ್, 3 ಕನೆಕ್ಟಿಂಗ್ ರಾಡ್, 1 ಕ್ರ್ಯಾಂಕ್. ಇಲ್ಲದ್ದು ಕೆಡೋದು ಹೇಗೆ? 1962 ಮತ್ತು 1963ರಲ್ಲಿ ಸ್ವೀಡನ್ನಿನ ರ್ಯಾಲಿ ಚಾಲಕ ಎರಿಕ್ ಕಾರ್ಲ್‌ಸನ್ ಮಾಂಟೆ ಕಾರ್ಲೋ ರ್ಯಾಲಿ ಗೆದ್ದಿದ್ದು 841 ಸಿಸಿಯ ಸಾಬ್ 96ರಲ್ಲಿ.

ಮತ್ತೆ ಮಾಮಾನ ಗಾಡಿ ಯಾಕೆ ಹಿಡ್ಕೊಳ್ತು?

[ದೃಶ್ಯ: ಅಳತೆಯ ಡಬ್ಬಿಯಿಂದ ಟ್ಯಾಂಕಿಗೆ ಆಯಿಲ್.]

ಇದರಲ್ಲಿ ಪೆಟ್ರೋಲ್ ಮೊದಲು ಕ್ರ್ಯಾಂಕ್ ಕೂತಿರೋ ಗೂಡಿಗೆ, ಅಂದ್ರೆ ಕ್ರ್ಯಾಂಕ್‌ಕೇಸಿಗೆ ಹೋಗಿ, ಅಲ್ಲಿಂದ ಸಿಲಿಂಡರಿಗೆ ಏರುತ್ತೆ. ಅಲ್ಲಿ ಆಯಿಲ್ ತುಂಬಿಡೋಕಾಗಲ್ಲ, ಪೆಟ್ರೋಲಿಗೇ ಬೆರೆಸಬೇಕು. ಟ್ರಾಬಂಟ್‌ಗೆ 1974ರಿಂದ 50ಕ್ಕೆ 1, ಅಂದ್ರೆ 10 ಲೀಟರಿಗೆ 200 ಮಿಲಿ. ಕಮ್ಮಿ ಬಿತ್ತೋ, ಈ ಗೀರು. ಅಳತೆ ಸರಿಯಿದ್ರೂ ಇಳಿಜಾರು ಅಪಾಯ. ಗೇರಲ್ಲೇ ಎಕ್ಸಲರೇಟರ್ ಬಿಟ್ಟು ಇಳಿದರೆ ಎಂಜಿನ್ ಗಿರಗಿರ ತಿರುಗ್ತಿರುತ್ತೆ, ಪೆಟ್ರೋಲ್ ಮಾತ್ರ ಹನಿಯಷ್ಟು. ಆಯಿಲ್ಲೂ ಅಷ್ಟೇ!

ಅದಕ್ಕೇ ಸಾಬ್‌ನವರು ಫ್ರೀವೀಲ್ ಇಟ್ಟರು. ಪೆಡಲ್ ನಿಲ್ಲಿಸಿದ್ರೂ ಸೈಕಲ್ ಉರುಳಲ್ವಾ, ಹಾಗೆ: ಎಕ್ಸಲರೇಟರ್ ಬಿಟ್ಟ ಕೂಡಲೇ ಚಕ್ರದ ಪಾಡು ಚಕ್ರಕ್ಕೆ, ಎಂಜಿನ್ ಐಡಲಿಂಗಿನಲ್ಲಿ. ಪಿಸ್ಟನ್ ಉಳೀತು, ಆದ್ರೆ ಇಳಿಜಾರಲ್ಲಿ ಎಂಜಿನ್ನೇ ಗಾಡಿಯನ್ನ ಹಿಡಿದು ನಿಧಾನ ಮಾಡೋ ಎಂಜಿನ್ ಬ್ರೇಕ್ ಹೋಯ್ತು. ಕಾತ್ರಜ್ ತಿರುವುಗಳನ್ನ ಬರೀ ಬ್ರೇಕ್ ನಂಬಿ ಇಳಿಯೋದು... ನಾನಂತೂ ಒಲ್ಲೆ.

ನನ್ನ ಕೇಳಿದ್ರೆ, ಈ ಎಂಜಿನ್ ತಾನಾಗಿ ಕೆಟ್ಟಿದ್ದಕ್ಕಿಂತ ನಾವು ಕೆಡಿಸಿದ್ದೇ ಜಾಸ್ತಿ. ಕಾರಿಂದ ಅದನ್ನ ಹೊರಗಟ್ಟಿದ್ದು ಹೊಗೆ. ಎಕ್ಸಾಸ್ಟ್ ತೆರೆದಿರುವಾಗಲೇ ಹೊಸ ಪೆಟ್ರೋಲ್ ಒಳಗೆ ನುಗ್ಗಿ, ಒಂದಷ್ಟು ಉರಿಯದೇ ಸೈಲೆನ್ಸರ್ ದಾರಿ ಹಿಡಿಯುತ್ತೆ, ಜೊತೆಗೆ ಸುಟ್ಟ ಆಯಿಲ್. ಸಿಗ್ನಲ್‌ನಲ್ಲಿ ಹಳೇ ರಿಕ್ಷಾ ಹಿಂದೆ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಬ್ 1960ರ ದಶಕದಲ್ಲೇ ಫೋರ್-ಸ್ಟ್ರೋಕ್‌ಗೆ ಹೊರಳಿತು, ಟ್ರಾಬಂಟ್ 1990ರಲ್ಲಿ.

ಮಾಮಾನ ಸ್ಕೂಟರಿನ ಸಿಲಿಂಡರ್ ಒಳಮೈ ಕೊರೆದು ಬೋರ್ ಆಗಿ ಬಂದಿದೆ, ಹೊಸ ಪಿಸ್ಟನ್ ಕೂತಿದೆ. ಕಾಕಾ, ಒಂದು ಕಿಕ್ ಹೊಡೀರಿ.

[ಸದ್ದು. ನೀಲಿ ಹೊಗೆ.]